ಮೈಸೂರಿನಲ್ಲಿ ಹಳೆಯ ಕ್ಯಾಂಪರ್ ವ್ಯಾನ್ ಕೊಳ್ಳಲು ಹೊರಟವರು ದಯವಿಟ್ಟು ಓದಿ: ನಾವು ಮೋಸಹೋದ ಬಗೆ

ನಾಚಿಕೆಯಿಂದ ಎರಡು ತಿಂಗಳು ಯಾರ ಬಳಿಯೂ ಬಾಯಿ ಬಿಟ್ಟಿರಲಿಲ್ಲ. ಕಳೆದ ಭಾನುವಾರ ನಮಗೆ ವ್ಯಾನ್ ಮಾರಿದ ಅದೇ ಮನುಷ್ಯ ಮತ್ತೊಂದು ವ್ಯಾನನ್ನು ಮಾರಾಟಕ್ಕಿಟ್ಟ ಜಾಹೀರಾತು ಕಣ್ಣಿಗೆ ಬಿತ್ತು. ಅದರಲ್ಲಿದ್ದ ಒಳಭಾಗದ ಚಿತ್ರಗಳಲ್ಲಿ ಎರಡು ನಮ್ಮ ವ್ಯಾನಿನವು. ಅದೇ ಹಸಿರು ಪರದೆ, ಅದೇ ಸ್ಟೀಲ್ ಸಿಂಕ್, ಕೆಳಗೆ ‘ಫ್ಯಾಮಿಲಿ ಬಳಸಿದ ಗಾಡಿ, ಪೇಪರ್ಸ್ ಎಲ್ಲ ಕ್ಲಿಯರ್’ ಎಂಬ ಅದೇ ಸಾಲು. ಇನ್ನೊಂದು ಮನೆಯವರು ಈ ಸಾಲನ್ನು ನಂಬಿ ಹಣ ಕಟ್ಟುವ ಮೊದಲು ನಮಗಾದದ್ದು ಅವರಿಗೆ ತಿಳಿಯಲಿ ಎಂದು ಬರೆಯುತ್ತಿದ್ದೇನೆ.

ನಾವು ಮಂಡ್ಯದವರು, ಮನೆಯಲ್ಲಿ ಐದು ಜನ. ಅಮ್ಮನಿಗೆ ಮಂಡಿನೋವು, ಲಾಡ್ಜಿನ ಮೆಟ್ಟಿಲು ಹತ್ತಲಾರರು, ಹೊರಗಿನ ಊಟ ಸೇರದು. ಮಲಗಲು ಜಾಗ, ಒಂದು ಒಲೆ, ಒಂದು ನೀರಿನ ಟ್ಯಾಂಕ್ ಇರುವ ವ್ಯಾನ್ ಇದ್ದರೆ ಅವರನ್ನೂ ಕರೆದುಕೊಂಡು ನಾಲ್ಕು ಊರು ನೋಡಬಹುದೆಂಬುದು ನಮ್ಮ ಬಹುದಿನದ ಆಸೆ. ಹೊಸ ಕ್ಯಾರವಾನ್ ನಮ್ಮಂಥವರ ಕೈಗೆ ಎಟುಕುವುದಿಲ್ಲ. ಕೂಡಿಟ್ಟದ್ದು ಐದು ಲಕ್ಷ, ಹೆಂಡತಿಯ ಬಳೆ ಅಡವಿಟ್ಟು ತಂದದ್ದು ಎರಡು ಲಕ್ಷ. ಅಷ್ಟರೊಳಗೆ ಸಿಕ್ಕಿದ್ದು 2014ರ ಟೆಂಪೊ ಟ್ರಾವೆಲರನ್ನು ಒಳಗೆ ಮನೆಯಂತೆ ಮಾಡಿದ್ದ ಈ ವ್ಯಾನ್, 6.80 ಲಕ್ಷಕ್ಕೆ.

ರಿಂಗ್ ರಸ್ತೆಯ ಪಕ್ಕದ ಅವರ ಶೆಡ್ಡಿಗೆ ಹೋದಾಗ ನಮ್ಮನ್ನು ವ್ಯಾನಿನೊಳಗೇ ಕೂರಿಸಿ ಕಾಫಿ ತರಿಸಿದರು. ಸೋಫಾ ಎಳೆದರೆ ಹಾಸಿಗೆ, ಮೇಲಿನ ಕಪಾಟು ತೆರೆದರೆ ಪಾತ್ರೆಯ ಸ್ಟ್ಯಾಂಡ್, ಗುಂಡಿ ಒತ್ತಿದರೆ ಮೆಲ್ಲನೆ ಉರಿಯುವ ದೀಪ. ಮಕ್ಕಳು ಆಗಲೇ ಯಾರು ಎಲ್ಲಿ ಮಲಗುವುದೆಂದು ಜಗಳ ಶುರು ಮಾಡಿದ್ದರು. ಮೂಲೆಯಲ್ಲಿ ಊದುಬತ್ತಿ ಹಚ್ಚಿದ್ದರು; ಶುಕ್ರವಾರವಾದ್ದರಿಂದ ಪೂಜೆ ಮಾಡಿರಬೇಕೆಂದು ಭಾವಿಸಿದೆ. ಎಂಜಿನ್ ನಾವು ಹೋಗುವ ಮೊದಲೇ ಬಿಸಿಯಾಗಿತ್ತು, ಏಕೆಂದು ಕೇಳಲಿಲ್ಲ. ಹಾಸಿಗೆ, ಕಪಾಟು, ಪರದೆ ನೋಡಲು ಒಂದು ಗಂಟೆ ಕೊಟ್ಟ ನಾನು ವ್ಯಾನಿನ ಅಡಿಗೆ ಬಗ್ಗಿ ನೋಡಲು ಐದು ನಿಮಿಷ ಕೊಡಲಿಲ್ಲ.

ಆರ್‌ಸಿಯಲ್ಲಿದ್ದ ಹೆಸರು ಅವರದಾಗಿರಲಿಲ್ಲ. ಕೇಳಿದ್ದಕ್ಕೆ, “ನಮ್ಮ ಅಣ್ಣನ ಸ್ನೇಹಿತರದು ಸಾರ್, ಸೈನ್ ಮಾಡಿಸಿ ಇಟ್ಟಿದ್ದೀನಿ, ಟ್ರಾನ್ಸ್‌ಫರ್ ನಮ್ಮ ಏಜೆಂಟೇ ಮಾಡಿಕೊಡ್ತಾನೆ” ಎಂದು ಸಹಿ ಹಾಕಿದ್ದ 29 ಮತ್ತು 30ನೇ ನಮೂನೆಗಳನ್ನು ತೋರಿಸಿದರು. ಹೆಸರು ವರ್ಗಾವಣೆಗೆ ಬೇಕಾದವು ಅವೇ ಎಂದು ಗೊತ್ತಿದ್ದುದರಿಂದ ನಂಬಿದೆ. ಪೂರ್ತಿ ಹಣ ಕೊಟ್ಟೆ. ಗಂಜಾಂನ ನಿಮಿಷಾಂಬ ದೇವಸ್ಥಾನದ ಮುಂದೆ ಪೂಜೆ ಮಾಡಿಸಿ, ಚಕ್ರಗಳಿಗೆ ನಿಂಬೆಹಣ್ಣು ಇಟ್ಟು ಊರಿಗೆ ತಂದೆವು. ನೆಂಟರೆಲ್ಲ ಬಂದು ನೋಡಿ ಹೋದರು.

ಮೇ ತಿಂಗಳಲ್ಲಿ ಮೇಲುಕೋಟೆಗೆ ಮೊದಲ ಪ್ರಯಾಣ. ರಾತ್ರಿ ಒಂದು ಗಂಟೆಗೆ ಮಳೆ ಹಿಡಿಯಿತು. ಸೌರಫಲಕಕ್ಕೆಂದು ಚಾವಣಿಯಲ್ಲಿ ಕೊರೆದಿದ್ದ ಬೋಲ್ಟ್ ತೂತುಗಳಿಂದ ನೀರು ಅಮ್ಮನ ಹಾಸಿಗೆಯ ಮೇಲೆ ಇಳಿಯತೊಡಗಿತು. ಬೆಳಿಗ್ಗೆ ಗೋಡೆಯ ಹೊಳಪಿನ ಹಾಳೆಯನ್ನು ಬೆರಳಿನಿಂದ ಎತ್ತಿದರೆ ಒಳಗಿನ ಪ್ಲೈವುಡ್ ರೊಟ್ಟಿಯಂತೆ ಉಬ್ಬಿ, ಕಪ್ಪಗೆ ಬೂಷ್ಟು ಹಿಡಿದಿತ್ತು. ಹಳೆಯ ಸೋರಿಕೆಯ ಮೇಲೆ ಹೊಸ ಹಾಳೆ ಅಂಟಿಸಿದ್ದರು. ಊದುಬತ್ತಿ ಏಕೆ ಹಚ್ಚಿದ್ದರೆಂದು ನನಗೆ ಅರ್ಥವಾದದ್ದು ಆಗ.

ಸೋರಿಕೆಯನ್ನು ಹೇಗೋ ಸಹಿಸಿಕೊಳ್ಳುತ್ತಿದ್ದೆ. ಏಜೆಂಟ್ ಮಾತ್ರ ‘ನಾಳೆ, ನಾಡಿದ್ದು’ ಎನ್ನುತ್ತಲೇ ಇದ್ದ. ವರ್ಗಾವಣೆಗೆ ಇರುವ ಮೂವತ್ತು ದಿನಗಳ ಅವಧಿ ಮುಗಿಯುತ್ತ ಬಂದಾಗ ನಾನೇ ಆರ್‌ಟಿಒ ಕಚೇರಿಗೆ ಹೋದೆ. ಕೌಂಟರಿನಲ್ಲಿದ್ದವರು ನಂಬರ್ ಒತ್ತಿ, ಒಮ್ಮೆ ಕಿಟಕಿಯಾಚೆ ನಿಂತಿದ್ದ ವ್ಯಾನನ್ನೂ ಒಮ್ಮೆ ನನ್ನ ಮುಖವನ್ನೂ ನೋಡಿ, “ಇದು ಮ್ಯಾಕ್ಸಿ ಕ್ಯಾಬ್ ಅಲ್ವೇನ್ರೀ? ಬಿಳಿ ಬೋರ್ಡ್ ಹೇಗೆ ಹಾಕಿದ್ದೀರಿ?” ಎಂದರು. ನಮ್ಮ ಮನೆಯಂಥ ವ್ಯಾನ್ ಸರ್ಕಾರದ ದಾಖಲೆಯಲ್ಲಿ ಹನ್ನೆರಡು ಪ್ರಯಾಣಿಕರನ್ನು ಕೂರಿಸುವ ಬಾಡಿಗೆ ವಾಹನ. ಸೀಟು ಕಿತ್ತದ್ದಕ್ಕೆ ಅನುಮತಿಯಿಲ್ಲ, ಹಳದಿ ಬೋರ್ಡಿಗೆ ಬಿಳಿ ಬಣ್ಣ ಬಳಿದದ್ದಕ್ಕೆ ಕಾಗದವಿಲ್ಲ, ಫಿಟ್‌ನೆಸ್ ಪ್ರಮಾಣಪತ್ರ ಮುಗಿದು ಒಂದೂವರೆ ವರ್ಷ, ಮೇಲೆ ತೆರಿಗೆ ಬಾಕಿ. ಆರ್‌ಸಿ ಅಷ್ಟೂ ದಿನ ನನ್ನ ಜೇಬಿನಲ್ಲೇ ಇತ್ತು. ಅದರಲ್ಲಿ ‘ಮ್ಯಾಕ್ಸಿ ಕ್ಯಾಬ್’ ಎಂದು ಸ್ಪಷ್ಟವಾಗಿ ಬರೆದಿತ್ತು. ನಾನು ಹೆಸರು, ಚಾಸಿ ನಂಬರ್ ನೋಡಿದ್ದೆ, ಆ ಸಾಲನ್ನು ಓದಿರಲಿಲ್ಲ. ಹೊರಗೆ ಬಂದಾಗ ಮುಂದಿನ ಸೀಟಿನಲ್ಲಿದ್ದ ಮಗಳು, “ನಮ್ಮ ಹೆಸರಿಗೆ ಆಯ್ತಾ ಅಪ್ಪ?” ಎಂದು ಕೇಳಿದಳು. ಏನು ಹೇಳಲಿ?

ಅಲ್ಲಿಂದಲೇ ಫೋನ್ ಮಾಡಿದೆ. ಮೊದಲ ಉತ್ತರ: “ಎಲ್ಲಾ ಕ್ಯಾಂಪರ್ ಗಾಡಿನೂ ಹೀಗೇ ಸಾರ್ ಇರೋದು, ಯಾರೂ ಕೇಳಲ್ಲ.” ಕೇಳಿದರಲ್ಲ ಎಂದಾಗ, “ನೀವ್ಯಾಕೆ ಆಫೀಸಿಗೆ ಹೋದ್ರಿ? ಏಜೆಂಟ್ ಮಾಡ್ತಿದ್ನಲ್ಲ” ಎಂದು ತಪ್ಪನ್ನು ನನ್ನ ಮೇಲೆಯೇ ಹಾಕಿದರು. ಸೋರಿಕೆಯ ಮಾತೆತ್ತಿದರೆ, “ಸೆಕೆಂಡ್ ಹ್ಯಾಂಡ್ ಅಂದ್ಮೇಲೆ ಸಣ್ಣಪುಟ್ಟ ಇರುತ್ತೆ.” ಹಣ ವಾಪಸು ಕೊಡಿ ಎಂದಾಗ ಧ್ವನಿಯೇ ಬದಲಾಯಿತು: “ಆರ್‌ಸಿ ನಿಮ್ಮ ಕೈಗೇ ಕೊಟ್ಟಿದ್ದೆ. ಓದ್ಬೇಡಿ ಅಂತ ನಾನು ಹೇಳಿದ್ನಾ?” ಈ ಮಾತು ಇನ್ನೂ ಕಿವಿಯಲ್ಲಿದೆ. ಓದದೆ ಇದ್ದದ್ದು ನನ್ನ ತಪ್ಪು, ಒಪ್ಪುತ್ತೇನೆ. ಆದರೆ ಹಳದಿ ಬೋರ್ಡಿನ ಮೇಲೆ ಬಿಳಿ ಬಣ್ಣ ಬಳಿದ ಕೈ ನನ್ನದಲ್ಲ. ‘ಪೇಪರ್ಸ್ ಎಲ್ಲ ಕ್ಲಿಯರ್’ ಎಂದು ಬರೆದ ಕೈಯೂ ನನ್ನದಲ್ಲ. ಮೂರನೆಯ ದಿನದಿಂದ ಅವರು ಫೋನ್ ಎತ್ತುತ್ತಿಲ್ಲ.

ಆಮೇಲೆ ಪರಿಚಯದ ಮೆಕ್ಯಾನಿಕ್ ಒಬ್ಬರು ವ್ಯಾನನ್ನು ಪೂರ್ತಿ ನೋಡಿದರು. ಕಬ್ಬಿನ ಲಾರಿಗಳನ್ನು ತೂಗುವ ವೇಬ್ರಿಡ್ಜಿನ ಮೇಲೆ ನಿಲ್ಲಿಸಿದಾಗ ಆರ್‌ಸಿಯಲ್ಲಿರುವ ಖಾಲಿ ತೂಕಕ್ಕಿಂತ 380 ಕೆ.ಜಿ. ಹೆಚ್ಚು ಬಂತು, ಅದೂ ನೀರಿನ ಟ್ಯಾಂಕ್ ಖಾಲಿ ಇದ್ದಾಗ. ನೂರು ಲೀಟರ್ ತುಂಬಿದರೆ ಇನ್ನೂ ನೂರು ಕೆ.ಜಿ., ಅದರ ಮೇಲೆ ನಾವು ಐವರು. ಮಕ್ಕಳ ಹಾಸಿಗೆಯ ಕೆಳಗೆ ಗಾಳಿಗಿಂಡಿಯಿಲ್ಲದ ಪೆಟ್ಟಿಗೆಯಲ್ಲಿ ಎರಡು ಟ್ಯೂಬುಲರ್ ಬ್ಯಾಟರಿಗಳಿದ್ದವು. ಚಾರ್ಜ್ ಆಗುವಾಗ ಅವುಗಳಿಂದ ಸುಲಭವಾಗಿ ಹೊತ್ತಿಕೊಳ್ಳುವ ಹೈಡ್ರೋಜನ್ ಅನಿಲ ಹೊರಬರುತ್ತದೆ. ಪಕ್ಕದಲ್ಲೇ ಮನೆಬಳಕೆಯ 14.2 ಕೆ.ಜಿ. ಸಿಲಿಂಡರ್. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ತುಂಬಿಕೊಳ್ಳುತ್ತದೆ; ಅದು ಇಳಿದು ಹೋಗಲು ತಳದಲ್ಲಿ ಒಂದು ತೂತನ್ನೂ ಬಿಟ್ಟಿರಲಿಲ್ಲ. ಮೇಲುಕೋಟೆಯ ಆ ರಾತ್ರಿ ಇವುಗಳ ಮೇಲೆಯೇ ಮಕ್ಕಳು ಮಲಗಿದ್ದರು. ಹಣ ಹೋದದ್ದಕ್ಕಿಂತ ಇದನ್ನು ನೆನೆದರೆ ನನಗೆ ಹೆಚ್ಚು ಸಿಟ್ಟು ಬರುತ್ತದೆ.

ಕೊಳ್ಳುವವರಿಗೆ ಹೇಳುವುದು ಇಷ್ಟೇ. ವ್ಯಾನಿನೊಳಗೆ ಕಾಲಿಡುವ ಮೊದಲು ಸರ್ಕಾರದ ಎಂಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿ ವಾಹನದ ವರ್ಗ, ಫಿಟ್‌ನೆಸ್, ವಿಮೆ, ಸಾಲದ ನಮೂದು ಎಲ್ಲವನ್ನೂ ಓದಿ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನ ಪ್ರಕಾರ ಆರ್‌ಸಿಯಲ್ಲಿರುವ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಮನಬಂದಂತೆ ಮಾರ್ಪಡಿಸುವಂತಿಲ್ಲ. ನಮ್ಮ ದೇಶದಲ್ಲಿ ಮೋಟಾರ್ ಕ್ಯಾರವಾನಿಗೆಂದೇ ಎಐಎಸ್-124 ಎಂಬ ಮಾನದಂಡವಿದೆ. ಯಾರೂ ಕೇಳುವುದಿಲ್ಲ ಎಂದು ಮಾರುವವರು ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಅಪಘಾತವಾದ ದಿನ ವಿಮೆಯವರು ಖಂಡಿತ ಕೇಳುತ್ತಾರೆ. ಮೊದಲೇ ಬಿಸಿಮಾಡಿಟ್ಟ ಎಂಜಿನಿನಲ್ಲಿ ಚಾಲೂ ಆಗುವ ತೊಂದರೆ ಗೊತ್ತಾಗುವುದಿಲ್ಲ; ಬೆಳಿಗ್ಗೆ ತಣ್ಣಗಿರುವಾಗ ನೀವೇ ಚಾಲೂ ಮಾಡಿ, ಚಾವಣಿಯ ಮೇಲೆ ಹತ್ತು ಕೊಡ ನೀರು ಸುರಿಸಿ ನೋಡಿ. ಆರ್‌ಸಿ ನಿಮ್ಮ ಹೆಸರಿಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ, ಅವರು ಎಷ್ಟೇ ಕಾಫಿ ಕುಡಿಸಲಿ.

ವಕೀಲರಿಂದ ನೋಟಿಸ್ ಕಳಿಸಿದೆವು. ಆ ಲಕೋಟೆ ‘ವಿಳಾಸದಲ್ಲಿ ಇಲ್ಲ’ ಎಂದು ಹಿಂದಿರುಗಿದೆ. ಬಳೆಯ ಬಡ್ಡಿ ತಿಂಗಳು ತಿಂಗಳು ಕಟ್ಟುತ್ತಿದ್ದೇವೆ. ಹಸಿರು ಪರದೆ, ಸ್ಟೀಲ್ ಸಿಂಕ್ ಇರುವ ಚಿತ್ರವನ್ನು ಯಾರಾದರೂ ನಿಮಗೆ ಕಳಿಸಿದರೆ ತಿಳಿದುಕೊಳ್ಳಿ: ಆ ವ್ಯಾನ್ ಅವರ ಬಳಿ ಇಲ್ಲ. ಅದು ಮಂಡ್ಯದಲ್ಲಿ, ನಮ್ಮ ಮನೆಯ ಹಿಂದಿನ ಖಾಲಿ ಸೈಟಿನಲ್ಲಿ, ಟಾರ್ಪಾಲಿನ ಕೆಳಗೆ ನಿಂತಿದೆ.