ಹಾಲ್‌ಗೆ ಗಾಢ ಕೆಮ್ಮಣ್ಣಿನ ಬಣ್ಣ: ಮೂರನೇ ವರ್ಷದಲ್ಲಿ ಹೇಗಿದೆ?

ಶಿವಮೊಗ್ಗದ ನಮ್ಮ ಮನೆಯ ಹಾಲ್‌ಗೆ ಗಾಢ ಕೆಮ್ಮಣ್ಣಿನ ಬಣ್ಣ ಹೊಡೆಸಿ ಇದು ಮೂರನೇ ವರ್ಷ. ಹಾಕಿದ್ದು ಸ್ವಲ್ಪ ದುಬಾರಿ ಮ್ಯಾಟ್ ಎಮಲ್ಶನ್, ಅಂದರೆ ಹೊಳಪಿಲ್ಲದ ಗೋಡೆ ಪೇಂಟ್. ಕಂಪನಿ ಹೆಸರು ಬೇಡ. ಯಾವ ಕಂಪನಿಯ ಡಾರ್ಕ್ ಮ್ಯಾಟ್ ತಗೊಂಡರೂ ಕಥೆ ಹೆಚ್ಚುಕಮ್ಮಿ ಇಷ್ಟೇ. ಬಣ್ಣಕ್ಕೆ ನಾನು ಪೂರ್ತಿ ಮಾರ್ಕು ಕೊಡ್ತೀನಿ, ಮ್ಯಾಟ್ ಫಿನಿಶ್‌ಗೆ ಅರ್ಧ.

ಪಶ್ಚಿಮದ ಕಿಟಕಿಯಿಂದ ಬಿಸಿಲು ನೇರ ಗೋಡೆಗೆ ಬೀಳುತ್ತದೆ. ಆದರೂ ಕ್ಯಾಲೆಂಡರ್ ತೆಗೆದರೆ ಹಿಂದೆ ಬೇರೆ ಬಣ್ಣದ ಚೌಕ ಕಾಣುವುದಿಲ್ಲ. ಇಂಥ ಮಣ್ಣಿನ ಬಣ್ಣಗಳಲ್ಲಿ ಸಾಮಾನ್ಯವಾಗಿ ಇರುವುದು ಐರನ್ ಆಕ್ಸೈಡ್. ಹಳೇ ಮನೆಗಳ ರೆಡ್ ಆಕ್ಸೈಡ್ ನೆಲಕ್ಕೆ ಹಾಕುತ್ತಿದ್ದದ್ದೂ ಅದನ್ನೇ. ಬಿಸಿಲಿಗೆ ಅದು ಜಗ್ಗುವ ಪೈಕಿಯಲ್ಲ.

ಲೈಟಿನ ಬಗ್ಗೆ ಮಾತ್ರ ಮೊದಲೇ ಯೋಚಿಸಿ. 6500 ಕೆಲ್ವಿನ್‌ನ ಬಿಳಿ ಟ್ಯೂಬ್‌ಲೈಟಿನಲ್ಲಿ ನಮ್ಮ ಗೋಡೆ ಕಳೆಗೆಟ್ಟ ಕಂದು ಬಣ್ಣಕ್ಕೆ ತಿರುಗಿತ್ತು. 3000 ಕೆಲ್ವಿನ್‌ನ ಹಳದಿ ಬೆಳಕಿನ ಬಲ್ಬ್ ಹಾಕಿದ ಮೇಲೇ ಕೆಂಪು ಎದ್ದು ಬಂದದ್ದು. ಸೀಲಿಂಗ್ ಬಿಳಿಯಾಗಿಯೇ ಬಿಟ್ಟಿದ್ದೇವೆ, ಅದು ಒಳ್ಳೇದೇ ಆಯ್ತು. ಆದರೂ ಜುಲೈನ ಮಳೆಯಲ್ಲಿ ಹಗಲಲ್ಲೇ ಲೈಟ್ ಬೇಕು. ಪೇಪರ್ ಓದೋಕೆ ಅಮ್ಮ ವರಾಂಡಕ್ಕೆ ಹೋಗಿ ಕೂರುತ್ತಾರೆ. ಈ ವಿಷಯದಲ್ಲಿ ಅವರ ಬಾಯಲ್ಲಿ ಬಣ್ಣಕ್ಕೆ ಒಳ್ಳೆ ಮಾತಿಲ್ಲ.

ಖರ್ಚೂ ಜಾಸ್ತಿ. "ಡಾರ್ಕ್ ಶೇಡ್ ಸಾರ್, ಎರಡು ಕೋಟ್‌ಗೆ ಮುಚ್ಚಲ್ಲ" ಅಂತ ಪೇಂಟರ್ ಹೇಳಿದಾಗ, ಬಿಲ್ ಏರಿಸೋಕೆ ಹೇಳ್ತಿದ್ದಾರೇನೋ ಅನ್ನಿಸಿತ್ತು. ಆದರೆ ಮಾತು ನಿಜ. ತಿಳಿ ಬಣ್ಣಗಳ ಬೇಸ್‌ನಲ್ಲಿ (ಶೇಡ್ ಬೆರೆಸುವ ಮೂಲ ಪೇಂಟ್) ಗೋಡೆ ಮುಚ್ಚುವ ಕೆಲಸ ಮಾಡುವುದು ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿ ಪುಡಿ. ಗಾಢ ಶೇಡಿನ ಬೇಸ್‌ನಲ್ಲಿ ಅದು ತೀರಾ ಕಮ್ಮಿ. ಹಾಗಾಗಿ ಮೊದಲ ಕೋಟ್ ಒಣಗಿದಾಗ ರೋಲರ್ ಗೆರೆ, ಪುಟ್ಟಿಯ ತೇಪೆ ಎಲ್ಲಾ ಕಾಣುತ್ತವೆ. ನಮಗೆ ಮೂರನೇ ಕೋಟ್ ಬೇಕೇ ಬೇಕಾಯಿತು.

ಇನ್ನು ಮ್ಯಾಟ್ ಬಗ್ಗೆ ನನ್ನ ದೂರು. ಸೋಫಾ ತಾಗುವ ಕಡೆ, ಸ್ವಿಚ್ ಬೋರ್ಡ್ ಸುತ್ತ, ಮಕ್ಕಳ ಕೈ ಎಟಕುವಲ್ಲಿ ಸುಮ್ನೆ ಉಗುರು ತಾಗಿದರೂ ಸೀಮೆಸುಣ್ಣದ ಗೀಟಿನ ಹಾಗೆ ಬೆಳ್ಳಗಾಗುತ್ತದೆ. ಒದ್ದೆ ಬಟ್ಟೆಯಲ್ಲಿ ಉಜ್ಜಿದರೆ ಗೀಟು ಹೋಗುತ್ತದೆ, ಆದರೆ ಉಜ್ಜಿದ ಜಾಗ ಹೊಳೆಯಲು ಶುರುವಾಗುತ್ತದೆ. ಉಳಿದ ಬಣ್ಣದಿಂದ ಟಚ್‌ಅಪ್ ಮಾಡೋಣ ಅಂದರೆ ಅದೇ ಡಬ್ಬಿಯ ಬಣ್ಣವೂ ತೇಪೆಯಾಗಿ ಕಾಣುತ್ತದೆ. ಸರಿಯಾಗಬೇಕಾದರೆ ಈ ಮೂಲೆಯಿಂದ ಆ ಮೂಲೆಯವರೆಗೆ ಇಡೀ ಗೋಡೆ ಹೊಡೆಯಬೇಕು. "ವಾಷಬಲ್" ಅಂತ ಡಬ್ಬಿ ಮೇಲೆ ಬರೆದಿದ್ದನ್ನು ನೆನೆದರೆ ನಗು ಬರುತ್ತದೆ, ಅಲ್ವಾ?

ಬಾತ್‌ರೂಮಿಗೆ ತಾಗಿದ ಗೋಡೆಯಲ್ಲಿ ಮಳೆಗಾಲಕ್ಕೆ ಬಿಳಿ ಉಪ್ಪು ಏಳುತ್ತದೆ. ತಪ್ಪು ತೇವದ್ದು, ಬಣ್ಣದ್ದಲ್ಲ. ಆದರೆ ಕ್ರೀಮ್ ಗೋಡೆಯಲ್ಲಿ ಕಣ್ಣಿಗೇ ಬೀಳದ್ದು ಇಲ್ಲಿ ಬಾಗಿಲಿಂದಲೇ ಕಾಣುತ್ತದೆ. ಲೀಕೇಜ್ ಇದ್ದರೆ ಮೊದಲು ಅದನ್ನು ಸರಿಮಾಡಿಸಿ.

ಬೇಸಿಗೆಯಲ್ಲಿ ಸೋಫಾ ಹಿಂದಿನ ಗೋಡೆಗೆ ಇದೇ ಶೇಡನ್ನು ಸಾಫ್ಟ್ ಶೀನ್‌ನಲ್ಲಿ, ಅಂದರೆ ಸ್ವಲ್ಪ ಹೊಳಪಿರುವ ಫಿನಿಶ್‌ನಲ್ಲಿ, ಹೊಡೆಸಬೇಕೆಂದಿದ್ದೇನೆ. ಶೀನ್‌ನಲ್ಲಿ ಪುಟ್ಟಿಯ ಏರುತಗ್ಗು ಜಾಸ್ತಿ ಕಾಣುತ್ತದೆ, ಅದಕ್ಕೇ ಆ ಗೋಡೆಯನ್ನು ಚೆನ್ನಾಗಿ ಉಜ್ಜಿಸಬೇಕು. ನೀವೂ ಇಂಥ ಬಣ್ಣ ಹೊಡೆಸುವುದಾದರೆ ಡಬ್ಬಿಯ ಮುಚ್ಚಳದ ಮೇಲಿನ ಸ್ಟಿಕ್ಕರ್ ಫೋಟೋ ತೆಗೆದಿಟ್ಟುಕೊಳ್ಳಿ. ಶೇಡ್ ಕೋಡ್, ಬೇಸ್ ಎರಡೂ ಅದರಲ್ಲೇ ಇರುತ್ತವೆ.