ಬಾಡಿಗೆ ಮನೆಗೆ ಸೋಲಾರ್ ಬ್ಯಾಕಪ್: ಮೂರು ಥರದ್ದು ಇಟ್ಕೊಂಡು ನೋಡಿದೆ, ಚಿಕ್ಕ ಡಬ್ಬಾನೇ ಉಳೀತು

ಮೊದಲೇ ಹೇಳ್ಬಿಡ್ತೀನಿ, ನನ್ನ ಓಟು ಚಿಕ್ಕ ಪವರ್ ಸ್ಟೇಷನ್‌ಗೆ, ಅಂದ್ರೆ ಬ್ಯಾಟರಿ, ಇನ್ವರ್ಟರ್, ಸಾಕೆಟ್ ಎಲ್ಲಾ ಒಂದರೊಳಗೇ ಇರೋ ಡಬ್ಬಕ್ಕೆ. ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿ, 500 ವ್ಯಾಟ್ ಅವರ್ (ಕರೆಂಟ್ ಬಿಲ್‌ನ ಅರ್ಧ ಯೂನಿಟ್) ಆಸುಪಾಸು, ಒಂದೇ ಕೈಯಲ್ಲಿ ಎತ್ಕೊಂಡು ಹೋಗೋಷ್ಟು ತೂಕ, ಜೊತೆಗೆ ಮಡಚೋ 100 ವ್ಯಾಟ್ ಪ್ಯಾನಲ್ ಎರಡು. ಇದಕ್ಕೂ ಮುಂಚೆ ಲೆಡ್ ಆಸಿಡ್ ಬ್ಯಾಟರಿ ಇರೋ ಮಾಮೂಲಿ ಇನ್ವರ್ಟರ್ ಇಟ್ಕೊಂಡಿದ್ದೆ, ಅದಾದ್ಮೇಲೆ 1000 ವ್ಯಾಟ್ ಅವರ್‌ನ ದೊಡ್ಡ ಡಬ್ಬ ತಗೊಂಡೆ, ಅದು ನಮ್ಮನೆಗೆ ಹೊಂದಲ್ಲ ಅಂತ ಗೊತ್ತಾಗೋಕೆ ನಾಲ್ಕು ತಿಂಗಳು ಬೇಕಾಯ್ತು.

ನನ್ನ ಬಳಕೆ ಏನು ಅಂತ ಹೇಳದೆ ಹೋಲಿಸಿದ್ರೆ ಪ್ರಯೋಜನ ಇಲ್ಲ. ಕೆಲಸ ಮನೆಯಿಂದಾನೇ, ಹಾಗಾಗಿ ವೈಫೈ ರೂಟರ್ ಯಾವತ್ತೂ ಆಫ್ ಆಗ್ಬಾರದು. ಲ್ಯಾಪ್‌ಟಾಪ್, ಒಂದು ಟೇಬಲ್ ಫ್ಯಾನು, ಎರಡು ಎಲ್‌ಇಡಿ ಲೈಟು, ಫೋನ್ ಚಾರ್ಜು, ಇಷ್ಟೇ. ಫ್ರಿಡ್ಜ್ ನಾನು ಓಡಿಸಲ್ಲ, ಒಂದೆರಡು ಗಂಟೆ ಬಾಗಿಲು ತೆಗೀದೆ ಇದ್ರೆ ಅದರ ತಂಪು ಹಾಗೇ ಇರತ್ತೆ.

ಲೆಡ್ ಆಸಿಡ್ ಬಗ್ಗೆ ಕೆಟ್ಟದಾಗಿ ಮಾತಾಡೋಕೆ ನಂಗೆ ಮನಸ್ಸಿಲ್ಲ, ಅದೇ ದುಡ್ಡಿಗೆ ಅಷ್ಟು ಕರೆಂಟ್ ಕೂಡಿಡೋ ಬೇರೆ ಸಾಮಾನು ನಾನಂತೂ ನೋಡಿಲ್ಲ. ಆದ್ರೆ ಅದು ಸ್ವಂತ ಮನೆಯ ಸಾಮಾನು. 150 ಆಂಪಿಯರ್ ಅವರ್‌ನ ಟ್ಯೂಬುಲರ್ ಬ್ಯಾಟರಿ 50 ಕಿಲೋ ದಾಟತ್ತೆ, ಮನೆ ಬದಲಾಯಿಸುವಾಗ ಓರೆ ಮಾಡೋ ಹಾಗಿಲ್ಲ, ಆಸಿಡ್ ಚೆಲ್ಲತ್ತೆ. ನಮ್ಮದು ಚೆಲ್ಲಿ ನೆಲದ ಮೇಲೆ ಬಿದ್ದ ಬಿಳಿ ಕಲೆ ಏನು ಮಾಡಿದ್ರೂ ಹೋಗ್ಲೇ ಇಲ್ಲ. ಡಿಸ್ಟಿಲ್ಡ್ ವಾಟರ್ ನೋಡ್ತಾ ಇರ್ಬೇಕು, ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡತ್ತೆ ಹಾಗಾಗಿ ಗಾಳಿ ಆಡೋ ಜಾಗಾನೇ ಬೇಕು, ಮತ್ತೆ ಲೇಬಲ್ ಮೇಲಿರೋದ್ರಲ್ಲಿ ಅರ್ಧಕ್ಕಿಂತ ಜಾಸ್ತಿ ದಿನಾ ಖಾಲಿ ಮಾಡ್ತಾ ಹೋದ್ರೆ ಆಯಸ್ಸು ಬೇಗ ಕಮ್ಮಿ ಆಗತ್ತೆ. ಅದರ ದೊಡ್ಡ ಅನುಕೂಲ ಅಂದ್ರೆ ಸೀಲಿಂಗ್ ಫ್ಯಾನು, ಗೋಡೆ ಲೈಟು ಎಲ್ಲಾ ಓಡೋದು, ಆದ್ರೆ ಅದಕ್ಕೆ ಮನೇಲಿ ಇನ್ವರ್ಟರ್ ಲೈನ್ ಎಳೆದಿರ್ಬೇಕು. ನಮ್ಮನೇಲಿ ಇರ್ಲಿಲ್ಲ, ವೈರಿಂಗ್ ಮುಟ್ಟೋಕೆ ಓನರ್ ಒಪ್ಪಲಿಲ್ಲ, ಅಷ್ಟು ದೊಡ್ಡ ಬ್ಯಾಟರಿಯಿಂದ ಒಂದು ಎಕ್ಸ್‌ಟೆನ್ಷನ್ ಬಾಕ್ಸ್ ಎಳ್ಕೊಂಡು ಕೂತಿದ್ದೆ.

ಇಲ್ಲೇ ಒಂದು ಮಾತು, ಎರಡೂ ಕಡೆ ಪಿನ್ ಇರೋ ವೈರ್ ಮಾಡ್ಕೊಂಡು ಗೋಡೆ ಸಾಕೆಟ್‌ಗೆ ವಾಪಸ್ ಕರೆಂಟ್ ಕೊಟ್ರೆ ಇಡೀ ಮನೆ ಓಡತ್ತೆ ಅಂತ ಯಾರಾದ್ರೂ ಹೇಳಿದ್ರೆ ದಯವಿಟ್ಟು ಕೇಳ್ಬೇಡಿ. ಹೊರಗೆ ಲೈನ್ ರಿಪೇರಿ ಮಾಡ್ತಿರೋರ ಜೀವಕ್ಕೇ ಅಪಾಯ, ಕರೆಂಟ್ ವಾಪಸ್ ಬಂದ ಕ್ಷಣ ನಿಮ್ಮ ಡಬ್ಬಾನೂ ಸುಟ್ಟು ಹೋಗ್ಬಹುದು.

ಈಗ ದೊಡ್ಡ ಡಬ್ಬದ ಕಥೆ. ಪೇಪರ್ ಮೇಲೆ ಎಲ್ಲಾ ಚೆನ್ನಾಗಿತ್ತು, ಎಲ್‌ಎಫ್‌ಪಿ ಸೆಲ್, ಪ್ಯೂರ್ ಸೈನ್ ವೇವ್ (ಮನೆ ಕರೆಂಟ್ ಥರಾನೇ ನಯವಾದ ಕರೆಂಟ್), ಫ್ರಿಡ್ಜ್ ಎಳೆಯೋ ತಾಕತ್ತು. ತಂದ ವಾರದಲ್ಲೇ ಒಂದು ರಾತ್ರಿ ಕರೆಂಟ್ ಹೋಯ್ತು, ರೂಟರ್ ಹೇಗೂ ಡಬ್ಬದ ಮೇಲಿದೆ ಅಂತ ನೆಮ್ಮದಿಯಾಗಿ ಮಲಗಿದೆ, ಬೆಳಿಗ್ಗೆ ಆರು ಗಂಟೆಯ ಕಾಲ್‌ಗೆ ಎದ್ದು ನೋಡಿದ್ರೆ ರೂಟರ್ ಆಫ್. ಬ್ಯಾಟರಿ 90 ಪರ್ಸೆಂಟ್ ಮೇಲೇ ಇದೆ! ಅಡಾಪ್ಟರ್ ಹೋಗಿದೆ ಅಂದ್ಕೊಂಡು ಬೇರೆ ಹಾಕಿದೆ, ಎಕ್ಸ್‌ಟೆನ್ಷನ್ ಬದಲಾಯಿಸಿದೆ, ಮುಂದಿನ ಸಲವೂ ಅದೇ ಗತಿ. ಲ್ಯಾಪ್‌ಟಾಪ್ ಹಾಕಿದಾಗ ಮಾತ್ರ ಎಲ್ಲಾ ಸರಿ ಇರ್ತಿತ್ತು, ಅದಕ್ಕೇ ಕಾರಣ ಹುಡುಕೋದು ಇನ್ನೂ ಕಷ್ಟ ಆಯ್ತು.

ವಿಷಯ ಏನಪ್ಪಾ ಅಂದ್ರೆ, ಇಂಥ ಸುಮಾರು ಡಬ್ಬಗಳಲ್ಲಿ ಇಕೋ ಮೋಡ್ ಅಂತ ಒಂದಿರತ್ತೆ. ಎಸಿ ಸಾಕೆಟ್‌ನಿಂದ (ಗೋಡೆ ಸಾಕೆಟ್ ಥರದ್ದು) ತೀರಾ ಕಮ್ಮಿ ಕರೆಂಟ್ ಹೋಗ್ತಿದ್ರೆ ಏನೂ ಚುಚ್ಚಿಲ್ಲ ಅಂದ್ಕೊಂಡು ಸ್ವಲ್ಪ ಹೊತ್ತಾದ್ಮೇಲೆ ಅದೇ ಆಫ್ ಆಗ್ಬಿಡತ್ತೆ. ನನ್ನ ರೂಟರ್ ಎಳೆಯೋದು 9 ವ್ಯಾಟ್, ಡಬ್ಬಕ್ಕೆ ಅದು ಲೆಕ್ಕಕ್ಕೇ ಇಲ್ಲ. ಸರಿ, ಆ್ಯಪ್‌ನಲ್ಲಿ ಇಕೋ ಮೋಡ್ ತೆಗ್ದೆ, ರೂಟರ್ ರಾತ್ರಿಯಿಡೀ ಓಡ್ತು, ಆದ್ರೆ ಬೆಳಿಗ್ಗೆ ಬ್ಯಾಟರಿ ನಾನು ಅಂದ್ಕೊಂಡಿದ್ದಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಇಳಿದಿತ್ತು. ಯಾಕಂದ್ರೆ ಬ್ಯಾಟರಿ ಕರೆಂಟ್‌ನ ಎಸಿ ಮಾಡೋ ಒಳಗಿನ ಇನ್ವರ್ಟರ್ ಸುಮ್ನೆ ಆನ್ ಆಗಿರೋಕೇ ಕರೆಂಟ್ ತಿನ್ನತ್ತೆ. ನಾನು ಲೆಕ್ಕ ಹಾಕಿದಾಗ ಅದೊಂದೇ 13 ವ್ಯಾಟ್ ಬಂತು. 9 ವ್ಯಾಟ್ ರೂಟರ್‌ಗೆ 22 ವ್ಯಾಟ್ ಖರ್ಚು, ಹತ್ತು ಗಂಟೆಗೆ 220 ವ್ಯಾಟ್ ಅವರ್. ಸಾಲದ್ದಕ್ಕೆ ಡಬ್ಬ ಪೂರ್ತಿ ಆಫ್ ಮಾಡಿ ಆನ್ ಮಾಡಿದ್ರೆ ಇಕೋ ಮೋಡ್ ಮತ್ತೆ ತಾನೇ ಬಂದು ಕೂರ್ತಿತ್ತು, ಇದು ಗೊತ್ತಾಗಿದ್ದು ಇನ್ನೊಂದು ಬೆಳಿಗ್ಗೆಯ ಕಾಲ್ ತಪ್ಪಿದ್ಮೇಲೆ.

ಪರಿಹಾರ ಡಿಸಿ ಪೋರ್ಟ್, ಅಂದ್ರೆ ಇನ್ವರ್ಟರ್ ದಾಟದೆ ಬ್ಯಾಟರಿಯ ಡಿಸಿ ಕರೆಂಟನ್ನೇ ಕೊಡೋ ಸಾಕೆಟ್. ರೂಟರ್‌ಗೆ ನಿಜವಾಗಿ ಬೇಕಿರೋದು 12 ವೋಲ್ಟ್ ಡಿಸಿ, ಬ್ಯಾಟರಿಯ ಡಿಸಿನ ಎಸಿ ಮಾಡಿ ಮತ್ತೆ ಅಡಾಪ್ಟರ್‌ನಲ್ಲಿ ಡಿಸಿ ಮಾಡೋದೇ ದಂಡ. ದೊಡ್ಡ ಡಬ್ಬದಲ್ಲಿ 12 ವೋಲ್ಟ್‌ಗೆ ಕಾರ್ ಸಾಕೆಟ್ ಒಂದೇ ಇತ್ತು, ಅದಕ್ಕೂ ತಾನಾಗೇ ಆಫ್ ಮಾಡೋ ಅದೇ ಟೈಮರ್. ಚಿಕ್ಕದರಲ್ಲಿ ದುಂಡು ಪಿನ್ನಿನ ಡಿಸಿ ಪೋರ್ಟ್ ಎರಡಿವೆ, ಟೈಮರ್‌ನ ಪೂರ್ತಿ ತೆಗೀಬಹುದು, ಆಫ್ ಮಾಡಿದ್ರೂ ಸೆಟ್ಟಿಂಗ್ ಹಾಗೇ ಉಳಿಯತ್ತೆ. ಅದೇ ರೂಟರ್ ಅದೇ ಹತ್ತು ಗಂಟೆ, ಈಗ 100 ವ್ಯಾಟ್ ಅವರ್ ಒಳಗೇ ಮುಗಿಯತ್ತೆ. ಆದ್ರೆ ವೈರ್ ತಗೊಳ್ಳೋ ಮುಂಚೆ ರೂಟರ್ ಅಡಾಪ್ಟರ್ ಮೇಲಿನ ಲೇಬಲ್ ಓದಿ, ಕೆಲವು 9 ವೋಲ್ಟ್‌ನವು ಇರ್ತವೆ, ಪಿನ್ ಒಳಗಡೆ ಪ್ಲಸ್ಸಾ ಮೈನಸ್ಸಾ ಅನ್ನೋದೂ ಅಲ್ಲೇ ಚಿತ್ರದಲ್ಲಿ ಇರತ್ತೆ.

ಬಿಡಿ ಬಿಡಿಯಾಗಿ ಪ್ಯಾನಲ್, ಚಾರ್ಜ್ ಕಂಟ್ರೋಲರ್ (ಪ್ಯಾನಲ್ ಕರೆಂಟ್‌ನ ಬ್ಯಾಟರಿಗೆ ತಕ್ಕ ಹಾಗೆ ಹದ ಮಾಡೋದು), ಬ್ಯಾಟರಿ ತಂದು ಜೋಡಿಸೋದು ಇನ್ನೊಂದು ದಾರಿ, ಕೈಕೆಲಸ ಗೊತ್ತಿರೋರಿಗೆ ಒಳ್ಳೇದು, ನಂಗೆ ಗೊತ್ತಿಲ್ಲ ಹಾಗಾಗಿ ನಾನು ಮಾಡಿಲ್ಲ.

ಡಬ್ಬಾನ ತಣ್ಣಗಿಡೋ ಒಳಗಿನ ಫ್ಯಾನ್ ಸದ್ದು: ದೊಡ್ಡದು ಮಲಗೋ ಕೋಣೇಲಿ ಇಡೋಕೆ ಆಗಲ್ಲ, ಚಿಕ್ಕದು ಡಿಸಿ ಮೇಲಿದ್ರೆ ಸದ್ದೇ ಇಲ್ಲ.

ಇನ್ನು ಬಿಸಿಲು. 100 ವ್ಯಾಟ್ ಪ್ಯಾನಲ್ ಅಂದ್ರೆ 100 ಬರಲ್ಲ, ನಮ್ಮ ಬಾಲ್ಕನೀಲಿ ಒಳ್ಳೇ ಬಿಸಿಲಿಗೆ 65 ಬಂದ್ರೆ ಹೆಚ್ಚು, ಅದೂ ದಿನಕ್ಕೆ ಮೂರ್ನಾಲ್ಕು ಗಂಟೆ. ಕಿಟಕಿ ಗಾಜಿನ ಹಿಂದೆ ಇಟ್ರೆ ಇನ್ನೂ ಕಮ್ಮಿ. ರೇಲಿಂಗ್ ಕಂಬಿಯ ಸಣ್ಣ ನೆರಳು ಒಂದೇ ಒಂದು ಗೆರೆ ಬಿದ್ರೂ ಅರ್ಧಕ್ಕರ್ಧ ಬಿದ್ದು ಹೋಗತ್ತೆ, ಒಳಗೆ ಸೆಲ್‌ಗಳು ಸರಪಳಿ ಥರ ಒಂದಕ್ಕೊಂದು ಜೋಡಿಸಿರೋದ್ರಿಂದ. ಪ್ಯಾನಲ್‌ನ ಸ್ಟೂಲ್ ಮೇಲೆ ಎತ್ತಿ ರೇಲಿಂಗ್‌ಗಿಂತ ಮೇಲೆ ಬರೋ ಹಾಗೆ ಒರಗಿಸಿದ್ಮೇಲೆ ನಮ್ಮನೇಲಿ ಸರಿ ಆಯ್ತು. ಡಬ್ಬಾನ ಮಾತ್ರ ಪ್ಯಾನಲ್ ಜೊತೆ ಬಿಸಿಲಲ್ಲಿ ಇಡ್ಬೇಡಿ, ಬ್ಯಾಟರಿ ಬಿಸಿ ಏರಿದ್ರೆ ಚಾರ್ಜ್ ತಗೊಳ್ಳೋದನ್ನೇ ನಿಲ್ಲಿಸ್ಬಿಡತ್ತೆ. ಎರಡು ಪ್ಯಾನಲ್ ಜೋಡಿಸುವಾಗ ವೋಲ್ಟೇಜ್ ಮಿತಿ ನೋಡ್ಲೇಬೇಕು: ನನ್ನವು ಲೋಡ್ ಇಲ್ಲದಾಗ ಒಂದೊಂದು 22 ವೋಲ್ಟ್, ಸೀರೀಸ್‌ನಲ್ಲಿ (ಒಂದರ ಹಿಂದೆ ಒಂದು ಜೋಡಿಸಿದ್ರೆ) 44 ಆಗತ್ತೆ, ಚಿಕ್ಕ ಡಬ್ಬ ತಡೆಯೋದು 28ರವರೆಗೆ ಮಾತ್ರ, ಹಾಗಾಗಿ ವೈ ಕೇಬಲ್ (ಎರಡು ವೈರ್ ಸೇರಿ ಒಂದಾಗೋದು) ಹಾಕಿ ಪ್ಯಾರಲಲ್ ಮಾಡಿದೀನಿ, ಅಂದ್ರೆ ಅಕ್ಕಪಕ್ಕ ಜೋಡಿಸಿದೀನಿ, ವೋಲ್ಟೇಜ್ 22ರಲ್ಲೇ ಇರತ್ತೆ. ನೆರಳು ಬಂದು ಹೋಗೋ ಜಾಗಕ್ಕೆ ಅದೇ ವಾಸಿ ಕೂಡ.

ದುಡ್ಡಿನ ಲೆಕ್ಕಕ್ಕೆ ಬಂದ್ರೂ ನಂಗೆ ಇಲ್ಲೇ ಉತ್ತರ ಸಿಕ್ಕಿದ್ದು. ದೊಡ್ಡ ಡಬ್ಬಕ್ಕೆ ಕೊಟ್ಟ ಮೇಲೆ ಒಂದೇ ಪ್ಯಾನಲ್‌ಗೆ ಕೈಯಲ್ಲಿ ದುಡ್ಡು ಉಳಿದಿತ್ತು, ಆ ಒಂದು ಪ್ಯಾನಲ್ ದಿನಕ್ಕೆ 250 ವ್ಯಾಟ್ ಅವರ್ ಕೊಟ್ರೆ ಪುಣ್ಯ, ಅಂದ್ರೆ ಖಾಲಿ ಡಬ್ಬ ತುಂಬೋಕೆ ನಾಲ್ಕು ದಿನ, ಅಷ್ಟರಲ್ಲಿ ನಾನು ಬಳಸ್ತಾನೂ ಇರ್ತೀನಿ, ಕೊನೆಗೆ ಗೋಡೆ ಸಾಕೆಟ್‌ನಿಂದಾನೇ ತುಂಬಿಸ್ತಿದ್ದೆ. ಅದನ್ನ ಮಾರಿ ಬಂದ ದುಡ್ಡಲ್ಲಿ ಚಿಕ್ಕ ಡಬ್ಬ ತಗೊಂಡು ಇನ್ನೊಂದು ಪ್ಯಾನಲ್ಲೂ ತಗೊಂಡೆ. ಬಿಸಿಲಿರೋ ದಿನ ಸಂಜೆ ಹೊತ್ತಿಗೆ ಹೆಚ್ಚುಕಮ್ಮಿ ತುಂಬಿರತ್ತೆ. ಫ್ರಿಡ್ಜ್ ಅಥವಾ ದಿನಗಟ್ಟಲೆ ಕರೆಂಟ್ ಇಲ್ಲದ ಜಾಗ ಅಂದ್ರೆ ದೊಡ್ಡದನ್ನೇ ತಗೊಳ್ಳಿ, ಆದ್ರೆ ಅದಕ್ಕೆ ತಕ್ಕಷ್ಟು ಪ್ಯಾನಲ್ ಹರಡೋ ಜಾಗ ನಿಮ್ಮ ಬಾಲ್ಕನೀಲಿ ಇದೆಯಾ ಅಂತ ಮೊದಲು ಟೇಪ್ ಹಿಡ್ಕೊಂಡು ಅಳೀರಿ.