ಮೋಕಾ ಪಾಟ್‌ಗೆ ಟೈಮ್‌ಮೋರ್ ಸಿ2 ಕೈಗಿರಣಿ: ಹದ ಸಿಕ್ಕರೆ ಛಲೋ

ಕಲಬುರಗಿಯಲ್ಲಿ ಚಹಾದ್ದೇ ರಾಜ್ಯ. ಕಾಫಿ ಎಂದರೆ ಚಿಕೋರಿ ಬೆರೆಸಿದ ಪುಡಿ, ಇಲ್ಲವೇ ಇನ್‌ಸ್ಟಂಟ್ ಪೊಟ್ಟಣ. ಒಲೆಯ ಮೇಲಿಟ್ಟು, ಹಬೆಯ ಒತ್ತಡದಿಂದ ನೀರನ್ನು ಪುಡಿಯ ಮೂಲಕ ಮೇಲೇರಿಸುವ ಮೋಕಾ ಪಾಟ್‌ಗೆ ಎರಡೂ ಒಗ್ಗುವುದಿಲ್ಲ. ಚಿಕ್ಕಮಗಳೂರಿನ ಹುರಿದ ಬೀಜ ಕೊರಿಯರ್‌ನಲ್ಲಿ ತರಿಸಿ ಮಸಾಲೆ ಮಿಕ್ಸಿಗೆ ಹಾಕಿದರೆ ಅಲ್ಲೇ ಕೆಟ್ಟಿತು. ಬ್ಲೇಡು ಬೀಜವನ್ನು ಬೀಸುವುದಿಲ್ಲ, ಹೊಡೆದು ಒಡೆಯುತ್ತದೆ: ಅರ್ಧ ಧೂಳು, ಅರ್ಧ ನುಚ್ಚು. ಧೂಳು ಕಹಿ ಬಿಡುತ್ತದೆ, ನುಚ್ಚು ಹುಳಿ. ಜಾರಿನ ಜೀರಿಗೆ ವಾಸನೆ ಬೇರೆ.

ಸಿ2 ಒಳಗೆ 38 ಮಿ.ಮೀ. ಸ್ಟೀಲ್ ಬರ್ (ಒಂದರೊಳಗೊಂದು ಕೂರುವ ಹಲ್ಲುಗಳ ಜೋಡಿ) ಇದೆ, ಬೀಸುಕಲ್ಲಿನ ಹಾಗೆ ಎರಡರ ನಡುವಿನ ಸಂದಿಯಲ್ಲಿ ಬೀಜ ಒಂದೇ ಸಮ ಪುಡಿಯಾಗುತ್ತದೆ. ಹದ ಮಾಡುವ ಚಕ್ರ ಬರ್‌ನ ಕೆಳಗಿದೆ. ಪುಡಿ ಬೀಳುವ ಡಬ್ಬಿ ಬಿಚ್ಚಿ, ಹಿಡಿಕೆ ಬಿಗಿಯುವವರೆಗೆ ಚಕ್ರವನ್ನು ಮೆಲ್ಲಗೆ ತಿರುಗಿಸಿ, ಅದು ಸೊನ್ನೆ. ಅಲ್ಲಿಂದ ಹಿಂದಕ್ಕೆ 13 ಕ್ಲಿಕ್ ಎಣಿಸಿ ಶುರು ಮಾಡಿ. ಬೆರಳಲ್ಲಿ ಉಜ್ಜಿದರೆ ಚಿರೋಟಿ ರವೆಯಂತೆ ತರಿತರಿ ಇರಬೇಕು. ರೊಟ್ಟಿ ಹಿಟ್ಟಿನಷ್ಟು ನುಣ್ಣಗಾದರೆ ನೀರು ಮೇಲೇರದೆ ಪಾಟ್‌ನ ತಿರುಪಿನ ಸಂದಿಯಿಂದ ಹಬೆ ಸೀಟಿ ಹೊಡೆಯುತ್ತದೆ. ಆಗ ಒಂದು ಕ್ಲಿಕ್ ಸಡಿಲಿಸಿ. ಕಾಫಿ ತೆಳ್ಳಗೆ, ಭರ್ರನೆ ಬಂದರೆ ಒಂದು ಕ್ಲಿಕ್ ಬಿಗಿ ಮಾಡಿ. ಎರಡು ಒಟ್ಟಿಗೆ ಬೇಡ.

ಮೂರು ಕಪ್ಪಿನ ಪಾಟ್‌ಗೆ 15ರಿಂದ 17 ಗ್ರಾಂ. ನಡು ಹುರಿದ ಬೀಜವಾದರೆ ಒಂದು, ಒಂದೂವರೆ ನಿಮಿಷ ತಿರುವಬೇಕು. ಕಡಿಮೆ ಹುರಿದದ್ದು ಕಲ್ಲಿನಂತೆ ಗಟ್ಟಿ, ತೋಳು ನೋಯುತ್ತದೆ. ಒಣಹವೆಯಲ್ಲಿ ಪುಡಿ ಡಬ್ಬಿಗೆ, ಕೈಗೆ ಅಂಟಿಕೊಂಡು ಹಾರುತ್ತದೆ. ಚಮಚದ ಹಿಡಿ ಒದ್ದೆ ಮಾಡಿ ಬೀಜವನ್ನು ಒಮ್ಮೆ ಕಲಕಿ, ಆಮೇಲೆ ಹಾಕಿ. ಒಂದು ಹನಿ ಸಾಕು. ಪಾಟ್‌ನ ಬುಟ್ಟಿಯಲ್ಲಿ ಪುಡಿಯನ್ನು ಸಮ ಮಾಡಿ, ಒತ್ತಬೇಡಿ. ಮೋಕಾ ಪಾಟ್‌ನ ಒತ್ತಡ ಒಂದೂವರೆ ಬಾರ್ ಆಸುಪಾಸು. ಎಸ್ಪ್ರೆಸೊ ಮಷೀನಿನ 9 ಬಾರ್ ಅಲ್ಲ.

ಎಲ್ಲ ತಪ್ಪೂ ಗಿರಣಿಯದಲ್ಲ. ಶಹಾಬಾದ್ ಬಂಡೆಯೇ ಸುಣ್ಣದ ಕಲ್ಲು; ಈ ನೆಲದ ಬೋರ್ ನೀರು ಗಡಸು. ಕೆಳಪಾತ್ರೆಯಲ್ಲಿ, ಸೇಫ್ಟಿ ವಾಲ್ವ್‌ನಲ್ಲಿ ಬಿಳಿ ಪದರ ಕಟ್ಟುತ್ತದೆ. ಫಿಲ್ಟರ್ ನೀರು ಹಾಕಿ, ವಾಲ್ವ್‌ಗಿಂತ ಕೆಳಗೇ ನಿಲ್ಲಿಸಿ. ಏಪ್ರಿಲ್-ಮೇ ಬಿಸಿಲಿಗೆ ಒಲೆಯ ಪಕ್ಕ ಇಟ್ಟ ಬೀಜ ಎಣ್ಣೆ ಬಿಟ್ಟು ಬರ್‌ಗೆ ಮೆತ್ತಿಕೊಳ್ಳುತ್ತದೆ. ಒಣ ಬ್ರಷ್‌ನಿಂದ ಉಜ್ಜಿ, ತೊಳೆಯಬೇಡಿ. ಬಿಚ್ಚಿದಾಗ ಸ್ಪ್ರಿಂಗ್ ಜೋಪಾನ, ಉರುಳಿ ಹೋಗುವ ಸಾಮಾನದು.

ಗಿರಣಿಯ ಮೈ ಗಟ್ಟಿ, ಹಿಡಿತ ಒಳ್ಳೆಯದು. ಕೊರತೆ ಒಂದೇ: ಕ್ಲಿಕ್‌ಗಳ ನಡುವಿನ ಅಂತರ ದೊಡ್ಡದು. ಮೋಕಾಗೆ ಅದು ನಡೆಯುತ್ತದೆ, ಎಸ್ಪ್ರೆಸೊ ಮಷೀನಿಗೆ ನಡೆಯುವುದಿಲ್ಲ. ಒಂದು ತುಂಬಿಗೆ 25 ಗ್ರಾಂ ಮಾತ್ರ ಹಿಡಿಯುವುದರಿಂದ, ಆರು ಕಪ್ಪಿನ ಪಾಟ್ ಇರುವ ಮನೆಯಲ್ಲಿ ಬೀಜವನ್ನು ಎರಡು ಸಲ ತುಂಬಬೇಕು.